ಮಾತಿಲ್ಲದ ನಕಲು

ಹೋದ ವಾರ ರೇಡಿಯೋದವರಿಂದ ನನ್ನ ಚಿಕ್ಕ ನಾಟಕವೊಂದು ಮರಳಿ ಬಂತು. ಜೊತೆಗೆ ಒಂದು ಪತ್ರ. ಮೂರನೆಯ ಪುಟದಲ್ಲಿ ಮಗ ಮಾತಾಡುತ್ತಲೇ ಇದ್ದಾನೆ, ತಾಯಿ ಒಂದಕ್ಕೂ ಉತ್ತರ ಕೊಡುವುದಿಲ್ಲ, ಆಕೆ ಅಲ್ಲಿದ್ದಾಳೋ ಎದ್ದು ಹೋಗಿದ್ದಾಳೋ ಕೇಳುಗರಿಗೆ ತಿಳಿಯುವುದು ಹೇಗೆ, ದಯವಿಟ್ಟು ಆಕೆಗೆ ನಾಲ್ಕು ಮಾತು ಬರೆದು ಕಳಿಸಿರಿ ಎಂದಿತ್ತು. ಸಭ್ಯವಾದ ಪತ್ರ. ಏಳು ಸಲ ಓದಿದೆ. ಮೊದಲ ಮೂರು ಸಲ, ಇವರಿಗೆ ಸಿಟ್ಟು ಬಂದಿದೆಯೋ ಏನೋ ಎಂದು ಹೆದರಿದೆ. ಆಮೇಲೆ ಮೂರು ಸಲ, ಉತ್ತರ ತಡವಾದರೆ ಇನ್ನೆಂದೂ ಕೇಳಲಿಕ್ಕಿಲ್ಲ ಎಂದು ಹೆದರಿದೆ. ಏಳನೆಯ ಸಲ ಓದುವಾಗ ನೆನಪಾಯಿತು: ಇದೇ ಮಾತನ್ನು ನಾನು ಹಿಂದೆಯೇ ಕೇಳಿದ್ದೇನೆ. ಹೇಳಿದವನು ಒಂದು ತಗಡಿನ ಟ್ರಂಕಿನ ಮೇಲೆ ಕುಳಿತಿದ್ದ, ಅವನ ಬಾಯಲ್ಲಿ ಕರದಂಟು ಇತ್ತು.

ನಾಟಕ ಬರೆಯುವುದನ್ನು ಕಲಿಯಬೇಕೆಂದು ಈಗ ನನ್ನ ಮನೆಗೆ ತರುಣರು ಬರುತ್ತಾರೆ. ಒಬ್ಬನಿಗೆ ರಂಗಭೂಮಿ ಬೇಕು, ಒಬ್ಬನಿಗೆ ಸಿನಿಮಾದ ಬೋಲಪಟ, ಒಬ್ಬನಿಗೆ ರೇಡಿಯೋ. ಎಲ್ಲರ ಕೈಯಲ್ಲೂ ಹೊಸ ನೋಟುಬುಕ್ಕು. ನಿಯಮಗಳನ್ನು ಹೇಳಿರಿ ಎನ್ನುತ್ತಾರೆ. ನಿಯಮಗಳಿಗೇನು ಬರವಿಲ್ಲ, ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಚಹಾ ಕುಡಿದು ಹೋಗುತ್ತಾರೆ. ಅವರು ಬರೆದುಕೊಂಡದ್ದೆಲ್ಲ ಆ ಕರದಂಟಿನ ಮನುಷ್ಯನ ನಿಯಮಗಳು. ಅವನ ಹತ್ತಿರವೇ ಇದ್ದ ಇನ್ನೊಬ್ಬರಿಂದ ಕಲಿತದ್ದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ.

ಆಗ ನಾನು ಮೂಡಲಗಿಯ ಸಾಲಿ ಮಾಸ್ತರ. ಬೇಸಿಗೆ ಸೂಟಿಗೆಂದು ಗೋಕಾಕದ ಅಕ್ಕನ ಮನೆಗೆ ಹೋಗಿದ್ದೆ. ಭಾವ ಗಿರಣಿಯಲ್ಲಿದ್ದರು, ಹಗಲೆಲ್ಲ ನೂಲಿನ ಧೂಳು ಕುಡಿದು ಬಂದು ಸಂಜೆ ನನ್ನ ಮುಖ ನೋಡಿ, ಸೂಟಿ ಎಂಬುದನ್ನು ಕಂಡುಹಿಡಿದವನು ಯಾರು ಎಂದು ಕೇಳುತ್ತಿದ್ದರು. ಅವರ ಕಣ್ಣು ತಪ್ಪಿಸಲಿಕ್ಕೆ ನಾನು ಊರ ಹೊರಗೆ ತಗಡಿನ ಥೇಟರು ಕಟ್ಟಿಕೊಂಡಿದ್ದ ನಾಟಕ ಕಂಪನಿಯ ಕಡೆಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ಅಕ್ಷರ ದುಂಡಗೆ ಇತ್ತು. ತಲೆಯಲ್ಲಿ ಹೆಚ್ಚೇನೂ ಇಲ್ಲದವರ ಅಕ್ಷರ ಸಾಮಾನ್ಯವಾಗಿ ದುಂಡಗೇ ಇರುತ್ತದೆ. ಕಂಪನಿಯ ಮಾಲಕ ಅದನ್ನು ಹೇಗೋ ಕಂಡುಕೊಂಡು ನಕಲು ಬರೆಯುವ ಕೆಲಸಕ್ಕೆ ನನ್ನನ್ನು ಕೂಡಿಸಿದ.

ನಕಲು ಎಂದರೆ ಏನೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇಡೀ ನಾಟಕದ ಪ್ರತಿ ಒಂದೇ ಒಂದು. ಅದು ಮಾಲಕನ ಟ್ರಂಕಿನಲ್ಲಿ, ಬೀಗದ ಕೈ ಅವನ ಜನಿವಾರದಷ್ಟೇ ಭದ್ರವಾಗಿ ಅವನ ಮೈಮೇಲೆ. ನಟರಿಗೆ ಸಿಗುವುದು ಅವರವರ ಪಾರ್ಟಿನ ಮಾತು ಮಾತ್ರ. ತನ್ನ ಮಾತು ಯಾವಾಗ ಬರುತ್ತದೆ ಎಂದು ತಿಳಿಯಲು, ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ ಬರೆದುಕೊಡುತ್ತಿದ್ದರು. ಅದಕ್ಕೆ ತುದಿಮಾತು ಎನ್ನುತ್ತಿದ್ದರು. ತುದಿಮಾತು ಕೆಂಪು ಶಾಯಿಯಲ್ಲಿ, ಅವನ ಸ್ವಂತದ ಮಾತು ಕಪ್ಪಿನಲ್ಲಿ. ಹಾಗಾಗಿ ಆ ಕಂಪನಿಯಲ್ಲಿ ಹತ್ತು ವರ್ಷ ಸೇನಾಪತಿಯಾಗಿದ್ದವನಿಗೆ ತಾನು ಯಾರ ಮೇಲೆ ಯುದ್ಧಕ್ಕೆ ಹೋಗುತ್ತೇನೆ ಎಂದು ಗೊತ್ತಿರಲಿಲ್ಲ. "ನಡೆ ರಣಾಂಗಣಕ್ಕೆ" ಎಂದು ಕೆಂಪಿನಲ್ಲಿ ಬಂದರೆ ಹೋಗುತ್ತಿದ್ದ.

ಇದೆಲ್ಲ ಏಕೆಂದರೆ, ಬೇರೆ ಕಂಪನಿಯವರು ನಾಟಕ ಕದಿಯುತ್ತಾರೆಂಬ ಭಯ. ಆ ನಾಟಕವನ್ನು ಕದಿಯುವವನ ಬುದ್ಧಿಯ ಬಗ್ಗೆ ನನಗೆ ಇಂದಿಗೂ ಕನಿಕರವಿದೆ. ಆದರೆ ಮಾಲಕ ನನಗೂ ಪ್ರತಿ ಕೊಡುತ್ತಿರಲಿಲ್ಲ. ಟ್ರಂಕಿನ ಮೇಲೆ ಕುಳಿತು, ಪುಟಕ್ಕೆ ಅಂಗೈ ಅಡ್ಡ ಹಿಡಿದು, ಒಂದೊಂದೇ ಸಾಲು ಓದಿ ಹೇಳುತ್ತಿದ್ದ. ಜಿಗುಟು ಕರದಂಟು ಬಾಯಲ್ಲಿ ಇರುತ್ತಿದ್ದುದರಿಂದ ಪ್ರತಿ ವೀರನೂ ತೊದಲುತ್ತಿದ್ದ.

ಮೇ ತಿಂಗಳ ನಡುವೆ ಕಂಪನಿಗೆ ನಾಟಕ ಬರೆದುಕೊಡುತ್ತಿದ್ದ ಕವಿಗಳು ಒಂದು ಮುಂಜಾನೆ ಹೇಳದೆ ಕೇಳದೆ ಹುಬ್ಬಳ್ಳಿಯ ಕಡೆ ಹೊರಟುಹೋದರು. ಮುಂದಿನ ಮುಕ್ಕಾಮು ಹುಕ್ಕೇರಿ. ಅಲ್ಲಿಗೆ ಹೊಸ ನಾಟಕ ಬೇಕು. ಅಕ್ಷರ ದುಂಡಗಿದ್ದವನು ನಾಟಕವನ್ನೂ ಬರೆಯಬಲ್ಲ ಎಂದು ಮಾಲಕ ತೀರ್ಮಾನಿಸಿದ. ನಾನು ಒಪ್ಪಿದೆ. ಜಾಹೀರಾತಿನಲ್ಲಿ ಹೆಸರು ಹಾಕಿದರೆ ಸಾಲಿ ಇನ್ಸ್ಪೆಕ್ಟರರ ಕಣ್ಣಿಗೆ ಬಿದ್ದು ನೌಕರಿ ಹೋದೀತೆಂದು ನಾಲ್ಕು ದಿನ ಊಟ ಸೇರಲಿಲ್ಲ. ಹೆಸರು ಹಾಕುವುದೇ ಇಲ್ಲ ಎಂದು ಮಾಲಕ ಹೇಳಿದ ಮೇಲೆ ಇನ್ನೂ ನಾಲ್ಕು ದಿನ ಸೇರಲಿಲ್ಲ.

ಮಾಲಕನೇ ಗುರು. ಅವನ ಪಾಠ ನಾಯಕನಿಂದ ಶುರು, ನಾಯಕನೆಂದರೆ ಅವನೇ. ನಾಯಕ ಮೂರನೆಯ ದೃಶ್ಯಕ್ಕಿಂತ ಮೊದಲು ಬರಬಾರದು, ಏಕೆಂದರೆ ದೊಡ್ಡ ಜನ ಉಂಡು ಎಲೆಯಡಿಕೆ ಹಾಕಿಕೊಂಡು ಬರುವುದು ಅಷ್ಟೊತ್ತಿಗೆ. ಹಾಸ್ಯವೆಂದರೆ ಪರದೆಯ ಹಿಂದೆ ಅರಮನೆ ಕಿತ್ತು ಕಾಡು ನಿಲ್ಲಿಸಲು ಹಿಡಿಯುವ ಹೊತ್ತು. ಆಳುಗಳು ಚುರುಕಾಗಿದ್ದ ದಿನ ಹಾಸ್ಯ ಗಿಡ್ಡ, ಅವರಿಗೆ ಮೈಗೆ ಹುಷಾರಿಲ್ಲದ ದಿನ ಉದ್ದ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರಿಗೆ ಏಳು ಧಾಟಿ ಬರುತ್ತವೆ, ಎಂಟನೆಯ ಹಾಡು ಬರೆದರೆ ಅದು ಕವಿಯ ತಪ್ಪು. ನಾಯಕ ಸಾಯುವಾಗ ಹಾಡಬೇಕು. ಜನ ವನ್ಸ್‌ಮೋರ್ ಎಂದರೆ ಎದ್ದು ಹಾಡಿ ಮತ್ತೆ ಸಾಯಬೇಕು. ಆದ್ದರಿಂದ ಅವನನ್ನು ತೀರ ಗಟ್ಟಿಯಾಗಿ ಕೊಲ್ಲಬಾರದು. ಮತ್ತು ಎಲ್ಲಕ್ಕಿಂತ ದೊಡ್ಡ ನಿಯಮ, ಸ್ಟೇಜಿನ ಮೇಲೆ ಮಾತು ನಿಲ್ಲಬಾರದು.

"ಮಾತು ನಿಂತ್ರ ಹಿಂದಿನ ಸಾಲಿನವರು ಸೀಟಿ ಹೊಡೀತಾರ, ಮಾಸ್ತರ. ಯಾರರೆ ಸುಮ್ಮ ನಿಂತ್ರು ಅಂದ್ರ ಅಂವಾ ಮಾತು ಮರತಾನ ಅಂತಾರ ಮಂದಿ."

ನಾನು ಎಲ್ಲವನ್ನೂ ಬರೆದುಕೊಂಡೆ. ನನ್ನ ಹತ್ತಿರವೂ ಹೊಸ ನೋಟುಬುಕ್ಕು ಇತ್ತು.

ಕಂಪನಿಯಲ್ಲಿ ದಡ್ಡಿ ಎಂಬ ಊರಿನವರೊಬ್ಬರು ಇದ್ದರು. ಐವತ್ತು ದಾಟಿದ ಮನುಷ್ಯ. ಎಲ್ಲರೂ ಕಾಕಾ ಎನ್ನುತ್ತಿದ್ದರು. ಮೂವತ್ತು ವರ್ಷ ಸ್ತ್ರೀ ಪಾರ್ಟು ಮಾಡಿದವರು. ಧೋತರ ಉಟ್ಟಾಗಲೂ ಕೂಡುವ ಮೊದಲು ಇಲ್ಲದ ನೆರಿಗೆಯನ್ನು ಎಡಗೈಯಿಂದ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಕಂಪನಿಗೆ ಮಿರಜಿನ ಕಡೆಯಿಂದ ಒಬ್ಬ ನಟಿ ಬಂದಿದ್ದಳು. ನಿಜವಾದ ಹೆಂಗಸೇ ಸಿಕ್ಕ ಮೇಲೆ ಮುಖಕ್ಕೆ ದಿನಕ್ಕೆರಡು ಸಲ ಕತ್ತಿ ಹಾಕುವ ಹೆಂಗಸು ಯಾರಿಗೆ ಬೇಕು? ಆ ನಟಿ ಒಳ್ಳೆಯವಳು. ಸೀರೆಯ ಸೆರಗು ಸ್ಟೇಜಿನ ಮೇಲೆ ಹೇಗೆ ಹಿಡಿಯಬೇಕೆಂದು ಕಾಕಾನ ಹತ್ತಿರವೇ ಕೇಳಿ ಕಲಿಯುತ್ತಿದ್ದಳು. ಕಲಿಸಿದಷ್ಟೂ ತಮ್ಮ ಕೆಲಸ ಹೋಗುತ್ತದೆಂದು ಕಾಕಾಗೆ ಗೊತ್ತಿತ್ತು. ಆದರೂ ಸೆರಗು ತಪ್ಪಾಗಿ ಹಿಡಿದದ್ದನ್ನು ನೋಡಿ ಸುಮ್ಮನಿರುವುದು ಅವರಿಂದಾಗುತ್ತಿರಲಿಲ್ಲ.

ಕಂಪನಿಯ ಪದ್ಧತಿ ಸರಳವಾಗಿತ್ತು. ಹೊಸ ನಾಟಕದ ನಕಲು ಹಂಚುವ ದಿನ ಯಾರ ಹೆಸರು ಬರುವುದಿಲ್ಲವೋ ಅವನು ಮರುದಿನ ಹಾಸಿಗೆ ಸುತ್ತಿಕೊಂಡು ಊರ ದಾರಿ ಹಿಡಿಯಬೇಕು. ನಾನು ನಾಟಕ ಬರೆಯುತ್ತೇನೆಂದು ಸುದ್ದಿಯಾದ ಮಧ್ಯಾಹ್ನ ಕಾಕಾ ಥೇಟರಿನ ಹಿಂದಿನ ಬೇವಿನ ಗಿಡದ ಕೆಳಗೆ ನನ್ನ ಹತ್ತಿರ ಬಂದು, ನೆರಿಗೆ ಸರಿಸಿಕೊಂಡು ಕುಳಿತರು.

"ಮಾಸ್ತರ, ನನಗೊಂದು ಪಾರ್ಟು ಇಡ್ರಿ. ಸಣ್ಣದಿದ್ರೂ ನಡೀತೈತಿ. ನಕಲು ಕೈಯಾಗಿದ್ರ ಊಟದ ಪಂಕ್ತಿಯೊಳಗ ಎಲಿ ಇರತೈತಿ."

ಊರಲ್ಲಿ ಅಣ್ಣ ಇದ್ದಾನಲ್ಲ, ಹೊಲ ಇದೆಯಲ್ಲ ಎಂದೆ. ಇತರರ ಕಷ್ಟಕ್ಕೆ ಪರಿಹಾರ ನನಗೆ ಬೇಗ ಹೊಳೆಯುತ್ತದೆ.

"ಐತ್ರಿ. ಆದ್ರ ಊರಾಗ ನನ್ನ ಗುರುತಾ ಹಿಡಿಯಾಂಗಿಲ್ಲ. ಮೂವತ್ತ ವರ್ಷ ಮೀಸಿ ಇಲ್ಲದಾಂವ ನಾನು. ಹೊಲಕ್ಕ ಹೋದ್ರ ಎತ್ತು ಸುದ್ದಾ ನಗತಾವು."

ಪಾರ್ಟು ಇಡುತ್ತೇನೆಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಆಗಲೂ ಗಟ್ಟಿಗ. ನಾಟಕದಲ್ಲಿ ರಾಜಕುಮಾರನೊಬ್ಬ ಮಂತ್ರಿಯ ಕುತಂತ್ರದಿಂದ ಕಾಡು ಸೇರುತ್ತಾನೆ, ಜೊತೆಗೆ ಅವನ ತಾಯಿ. ಕಾಡಿನ ಗುಡಿಸಲಿನಲ್ಲಿ ಮಗ ತನ್ನ ದುಃಖವನ್ನೆಲ್ಲ ತಾಯಿಗೆ ಹೇಳುವ ದೊಡ್ಡ ದೃಶ್ಯ. ಆ ತಾಯಿ ಕಾಕಾಗೆ. ಆಕೆಗೆ ಹದಿನಾಲ್ಕು ಮಾತು ಬರೆದೆ. ಅದರಲ್ಲಿ ಒಂಬತ್ತು "ಅಯ್ಯೋ ವಿಧಿಯೇ" ಎಂದು ಶುರುವಾಗುತ್ತಿದ್ದವು. ಉಳಿದ ಐದು ಹಾಗೆಂದು ಮುಗಿಯುತ್ತಿದ್ದವು.

ದಿನಾ ಮಧ್ಯಾಹ್ನ ಬೇವಿನ ಕೆಳಗೆ ಕಾಕಾ ನನ್ನಿಂದ ಓದಿಸುತ್ತಿದ್ದರು. ಅವರು ಕಂಪನಿಯ ಅಡಿಗೆ ನಡೆಯುವ ಭಟಾರಖಾನೆಯ ಅಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಪಾರ್ಟು ಕಡಿಮೆಯಾದ ಮೇಲೆ ಮಾಲಕ ಅವರಿಗೆ ಆ ಕೆಲಸ ಹಚ್ಚಿದ್ದ. ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು. ನಡುವೆ ಒಂದು ಪ್ರಶ್ನೆ.

"ಮಗಾ ಇಷ್ಟೆಲ್ಲಾ ಹೇಳುಮುಂದ ತಾಯಿ ಏನ ಮಾಡಾಕತ್ತಾಳ್ರಿ?"

"ಕೇಳಾಕತ್ತಾಳ," ಎಂದೆ.

"ಬರೇ ಕೇಳಾಕತ್ತಾಳ? ನಿಮ್ಮವ್ವ ಮನ್ಯಾಗ ಬರೇ ಕೇಳ್ತಾಳೇನ್ರಿ?"

ನಮ್ಮವ್ವ ಬರೇ ಕೇಳುವುದಿಲ್ಲ. ಕೇಳುತ್ತ ರೊಟ್ಟಿ ಬಡಿಯುತ್ತಾಳೆ. ನನ್ನ ಮಾತು ಸುಳ್ಳೆಂದು ಅನಿಸಿದಾಗ ರೊಟ್ಟಿಯ ಸಪ್ಪಳ ಜೋರಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ಆದರೆ ನಾಟಕಕ್ಕೂ ಅದಕ್ಕೂ ಏನು ಸಂಬಂಧ? ತಾಯಿಯ ಪಾರ್ಟು ಸಾಲದೆಂದು ಕಾಕಾ ಹೀಗೆ ಕೇಳುತ್ತಿದ್ದಾರೆಂದು ತಿಳಿದು ಇನ್ನೊಂದು "ಅಯ್ಯೋ ವಿಧಿಯೇ" ಸೇರಿಸಲು ಹೊರಟೆ. ಕಾಕಾ ಬೇಡವೆಂದರು. ಬರೆದದ್ದನ್ನು ಕಣ್ಣಿನಿಂದ ಓದಬೇಡಿರಿ, ಎದ್ದು ನಿಂತು ಬಾಯಿಂದ ಹೇಳಿರಿ, ಎದುರು ಯಾರನ್ನಾದರೂ ಕೂಡಿಸಿಕೊಳ್ಳಿರಿ, ನೀವು ಹೇಳುವಾಗ ಅವರ ಕೈ ಏನು ಮಾಡುತ್ತದೆ ನೋಡಿರಿ ಎಂದರು. ಜಗತ್ತಿನಲ್ಲಿ ನಾಟಕ ಬರೆಯುವವನಿಗೆ ಕೊಡಬಹುದಾದ ಪಾಠ ಇಷ್ಟೇ ಎಂದು ಈಗ ಅನಿಸುತ್ತದೆ. ಆಗ ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲೂ ಇಲ್ಲ. ಅಕ್ಕಿ ಆರಿಸುವವರ ಮಾತನ್ನು ಮಾಸ್ತರ ಬರೆದುಕೊಳ್ಳುವುದುಂಟೆ?

ನಾಟಕ ಮಾಲಕನ ಕೈಗೆ ಹೋಯಿತು. ಅವನು ಕೆಂಪು ಪೆನ್ಸಿಲು ಹಿಡಿದು ಕುಳಿತ. ತಾಯಿಯ ಮೊದಲ ಮಾತಿಗೆ ಗೀಟು ಹೊಡೆದು, ನಾಯಕ ಬಾಯಿ ತೆರೆಯುವ ಮೊದಲು ಮುದುಕಿಯ ಗೋಳು ಏಕೆ ಎಂದ. ಹೌದ್ರಿ ಎಂದೆ. ಎರಡನೆಯದಕ್ಕೆ ಹೊಡೆದು, ನಾಯಕನಿಗೆ ಉಸಿರು ಬಿಡುವ ಹಾಗಿಲ್ಲದ ಜಾಗದಲ್ಲಿ ಇದು ಅಡ್ಡ ಬರುತ್ತದೆ ಎಂದ. ಹೌದ್ರಿ. ಐದನೆಯದರಲ್ಲಿ ತಾಯಿ ಮಗನಿಗೆ ಬುದ್ಧಿ ಹೇಳುತ್ತಿದ್ದಳು. ನನಗೆ ಬುದ್ಧಿ ಹೇಳುವಂಥವರು ಈ ಕಂಪನಿಯಲ್ಲಿ ಯಾರಿದ್ದಾರೆ ಎಂದ. ಯಾರೂ ಇಲ್ರಿ. ಹೀಗೆ ಹದಿನಾಲ್ಕೂ ಹೋದವು, ಹದಿನಾಲ್ಕು ಸಲ ನಾನು ತಲೆಯಾಡಿಸಿದೆ. ಕೊನೆಗೆ ಅವನು ಪೆನ್ಸಿಲು ಕೆಳಗಿಟ್ಟು, "ಇನ್ನ ಆ ಪಾರ್ಟ ತಗದಬಿಡ್ರಿ ಮಾಸ್ತರ. ಮುದುಕಗೂ ಊರಿಗೆ ಹೋಗಾಕ ಒಂದು ನೆವಾ ಆಗತೈತಿ," ಎಂದ.

ಆ ದಿನವೇ ಹೋಗಿ ಕಾಕಾಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಬೇಕಲ್ಲ ಎಂದು ಚಿಂತೆ ಮಾಡಿದೆ. ಚಿಂತೆ ಮಾಡುವುದು ಅರ್ಧ ಕೆಲಸ ಮಾಡಿದಂತೆ ಎಂಬ ನಂಬಿಕೆ ನನ್ನದು. ಉಳಿದ ಅರ್ಧಕ್ಕೆ ಆಮೇಲೆ ತ್ರಾಣ ಉಳಿಯುವುದಿಲ್ಲ. ಬೇವಿನ ಗಿಡದ ಕಡೆ ಹೋಗುವುದನ್ನು ಬಿಟ್ಟೆ. ಹೊಟ್ಟೆ ಸರಿಯಿಲ್ಲವೆಂದು ಸುದ್ದಿ ಹಬ್ಬಿಸಿದೆ. ಕಾಕಾ ಅಕ್ಕಿಯ ಗಂಜಿ ಕಳಿಸಿದರು.

ಜೂನ್ ಹತ್ತಿರವಾದಂತೆ ಕಂಪನಿ ಬಂಡಿ ಹೂಡಿ ಹುಕ್ಕೇರಿಗೆ ಬಂತು, ಜೊತೆಗೆ ನಾನೂ. ಸಾಲಿ ತೆರೆಯಲು ಮೂರೇ ವಾರ ಉಳಿದಿದ್ದವು. ನಕಲುಗಳನ್ನು ಅವಸರದಲ್ಲಿ ಬರೆಯಬೇಕಾಯಿತು. ಶಾಯಿ ಬದಲಿಸಿದಾಗಲೆಲ್ಲ ಪೆನ್ನಿನ ಟಾಕು ತೊಳೆಯುವ ಬೇಸರಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ: ಮೊದಲು ಎಲ್ಲ ಪಾರ್ಟುಗಳ ಕೆಂಪು ತುದಿಮಾತುಗಳನ್ನು ಒಂದೇ ಸಲ ಬರೆದುಬಿಡುವುದು, ನಡುವೆ ಜಾಗ ಬಿಡುವುದು, ಆಮೇಲೆ ಕಪ್ಪು ಶಾಯಿ ತೆಗೆದುಕೊಂಡು ಜಾಗ ತುಂಬುವುದು. ಕೆಂಪು ಬರೆಯುವ ಕೆಲಸ ಗೋಕಾಕದಲ್ಲೇ, ಮಾಲಕನ ಪೆನ್ಸಿಲು ಬೀಳುವ ಮೊದಲೇ ಮುಗಿದಿತ್ತು. ಹುಕ್ಕೇರಿಯಲ್ಲಿ ಕಪ್ಪು ಬರೆದೆ. ತಾಯಿಯ ಹಾಳೆಯಲ್ಲಿ ಕಪ್ಪಿಗೆ ಕೆಲಸವಿರಲಿಲ್ಲ. ಅದನ್ನು ಕಟ್ಟಿನಿಂದ ತೆಗೆದು ಹರಿದು ಹಾಕಬೇಕಿತ್ತು, ಮರೆತೆ. ಹದಿನೆಂಟು ನಕಲುಗಳ ನಡುವೆ ಅದೂ ಉಳಿಯಿತು.

ಹಂಚುವ ದಿನ ತೆಂಗಿನಕಾಯಿ ಒಡೆದರು. ಮಾಲಕ ಟ್ರಂಕಿನ ಮುಂದೆ ನಿಂತು ಪ್ರತಿ ನಕಲಿನ ತಲೆಬರಹ ಓದಿ, ಮೇಲೆ ವೀಳ್ಯದೆಲೆ ಇಟ್ಟು, ತನ್ನ ಕೈಯಾರೆ ಕೊಡಬೇಕು. ಹಾಗೆ ಕೊಟ್ಟ ನಕಲನ್ನು ಮೊದಲನೆಯ ಆಟ ಆಗುವವರೆಗೆ ತಿರುಗಿ ಇಸಿದುಕೊಳ್ಳಬಾರದು. ಇಸಿದುಕೊಂಡರೆ ನಾಟಕ ಬೀಳುತ್ತದೆಂದು ನಂಬಿಕೆ. ಮಾಲಕನ ಓದು ನಿಧಾನ. "ರಾಜಮಾತೆ" ಎಂದು ಅವನ ಬಾಯಿಂದ ಹೊರಟ ಮೇಲೆಯೇ ಅವನಿಗೆ ಅದು ಏನೆಂದು ತಿಳಿದದ್ದು. ಅಷ್ಟರಲ್ಲಿ ಎಲ್ಲರೂ ಕಾಕಾನ ಕಡೆ ತಿರುಗಿದ್ದರು. ಕಾಕಾ ಎದ್ದು ಬಂದು ಎರಡೂ ಕೈ ಒಡ್ಡಿದರು. ಮಾಲಕ ನನ್ನನ್ನು ಸುಡುವಂತೆ ನೋಡುತ್ತ ಎಲೆ ಇಟ್ಟು ಕೊಟ್ಟ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಇರಲಿ, ಮಾತಿಲ್ಲವಲ್ಲ, ಮೂಲೆಯಲ್ಲಿ ಕೂತಿರಲಿ, ಮೊದಲ ಆಟ ಮುಗಿದ ಮರುದಿನ ನೋಡಿಕೊಳ್ಳೋಣ ಎಂದ.

ಸಂಜೆ ಕಾಕಾ ಹಾಳೆ ಹಿಡಿದುಕೊಂಡು ಬಂದರು. ಹದಿನಾಲ್ಕು ಕೆಂಪು ಗೆರೆ, ನಡುವೆ ಖಾಲಿ.

"ಮಾಸ್ತರ, ನನ್ನ ಮಾತು ಎಲ್ಲ್ಯಾವ?"

ನಿಜ ಹೇಳಲು ಅದು ಎರಡನೆಯ ಅವಕಾಶ. "ಮಾತಿಲ್ರಿ ಕಾಕಾ," ಎಂದೆ, "ಪಾರ್ಟ ಹಂಗ ಐತಿ."

ಅವರು ತಿರುಗಿ ಹಾಳೆಯನ್ನು ನೋಡಿದರು. "ಹಂಗಾರ ಬಾಯಿಪಾಠ ಮಾಡತೇನಿ," ಎಂದು ಹೋದರು.

ಮಾಡಿದರು. ಮರುದಿನದಿಂದ ತಾಲೀಮಿನಲ್ಲಿ ಗುಡಿಸಲಿನ ಮೂಲೆಗೆ ಭಟಾರಖಾನೆಯ ಮೊರವನ್ನೇ ತಂದು ಅಕ್ಕಿ ಆರಿಸುತ್ತ ಕುಳಿತರು. ರಾಜಮಾತೆ ಅಕ್ಕಿ ಆರಿಸುವುದೆಂದರೇನು ಎಂದು ಮಾಲಕ ತಕರಾರು ತೆಗೆದ. ಕಾಡಿನಲ್ಲಿ ದಾಸಿಯರು ಎಲ್ಲಿಂದ ಬರಬೇಕೆಂದು ನಾನು ಹೇಳಿದೆ. ನನ್ನ ಜೀವನದಲ್ಲಿ ಮಾಲಕರೆಂಬುವರಿಗೆ ಎದುರು ಹೇಳಿದ ಒಂದೇ ಮಾತು ಅದು. ಅದನ್ನೂ ಹೇಳಿ ರಾತ್ರಿ ಜ್ವರ ಬಂದಂತಾಗಿತ್ತು. ಮಾಲಕ ಮುಂದೆ ವಾದಿಸಲಿಲ್ಲ, ಏಕೆಂದರೆ ಮಾತಾಡಲು ಶುರು ಮಾಡಿದ ಮೇಲೆ ಅವನು ಯಾರನ್ನೂ ನೋಡುತ್ತಿರಲಿಲ್ಲ. ಅವನ ದೃಷ್ಟಿ ಛಾವಣಿಯ ತಗಡಿನ ಮೇಲೆ ಎಲ್ಲೋ ಇರುತ್ತಿತ್ತು. ಅಲ್ಲಿ ಅವನದೇ ಮುಖ ಕಾಣುತ್ತಿತ್ತೇನೋ.

ಹಾಗಾಗಿ ಅವನ ಹಿಂದೆ ಏನು ನಡೆಯುತ್ತಿತ್ತೆಂದು ನೋಡಿದವರು ಉಳಿದ ನಾವು. "ತಂದೆ ಇನ್ನಿಲ್ಲವಾದ" ಎಂಬ ತುದಿಮಾತು ಬಂದಾಗ ಅಕ್ಕಿ ಆರಿಸುವ ಕೈ ನಿಲ್ಲುತ್ತಿತ್ತು. ಮುಂದಿನದಕ್ಕೆ ಮತ್ತೆ ಶುರುವಾಗುತ್ತಿತ್ತು, ಆದರೆ ಈಗ ಆರಿಸುತ್ತಿದ್ದುದು ಅಕ್ಕಿಯನ್ನು, ಮೊರದಲ್ಲಿ ಬಿಡುತ್ತಿದ್ದುದು ಹರಳನ್ನು. "ಸೇಡು ತೀರಿಸಿಕೊಳ್ಳುವೆ" ಎಂದಾಗ ಮಗನ ಉತ್ತರೀಯದ ತುದಿ ನೆಲದ ಮೇಲೆ ಎಳೆಯುತ್ತಿದ್ದುದನ್ನು ಎತ್ತಿ ಧೂಳು ಜಾಡಿಸಿ ಬಿಡುತ್ತಿದ್ದರು. ಮಾಲಕನಿಗೆ ಅದೂ ತಿಳಿಯುತ್ತಿರಲಿಲ್ಲ. ನಟಿ ಪರದೆಯ ಬದಿಯಲ್ಲಿ ನಿಂತು ನೋಡುತ್ತ ತನ್ನ ಪ್ರವೇಶವನ್ನೇ ಎರಡು ಸಲ ಮರೆತಳು.

ಮೊದಲ ಆಟಕ್ಕೆ ಹುಕ್ಕೇರಿಯ ಜನ, ಸಂಕೇಶ್ವರದಿಂದ ಬಂಡಿ ಕಟ್ಟಿಕೊಂಡು ಬಂದ ವ್ಯಾಪಾರಸ್ಥರು, ಸುತ್ತಲಿನ ಹಳ್ಳಿಯವರು ಎಲ್ಲರೂ ಸೇರಿದ್ದರು. ಕವಿಯಾದ ನಾನು ಇನ್ಸ್ಪೆಕ್ಟರರ ಭಯಕ್ಕೆ ಮುಂಡಾಸು ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಅತ್ತರಿನ ವ್ಯಾಪಾರಿಯ ಬಾಜೂ ಕುಳಿತೆ. ಮೊದಲ ಎರಡು ದೃಶ್ಯ ಜನ ಶೇಂಗಾ ಸುಲಿದರು. ಮೂರನೆಯದಕ್ಕೆ ನಾಯಕ ಬಂದ, ಹಾಡಿದ, ಜನ ವನ್ಸ್‌ಮೋರ್ ಎಂದರು. ಬರೆದವನಿಗೆ ತನ್ನ ಸಾಲುಗಳನ್ನು ಕೇಳುವಾಗ ಆನಂದವಾಗುತ್ತದೆಂದು ಯಾರೋ ಹೇಳಿದ್ದರು. ನನಗೆ ಬೆವರು ಬಂತು. ಅಂಥ ಒಣ ಮಾತುಗಳನ್ನು ನಾನು ಎಲ್ಲಿಂದ ಹುಡುಕಿ ತಂದಿದ್ದೆನೋ.

ಆಮೇಲೆ ಗುಡಿಸಲು. ಮಾಲಕ ಎದೆ ಬಡಿದುಕೊಳ್ಳುತ್ತ ಒಂದು ಮಾತಿಗಿಂತ ಇನ್ನೊಂದನ್ನು ಎತ್ತರಿಸುತ್ತ ಹೋದ. ಶೇಂಗಾದ ಸಪ್ಪಳ ನಿಂತಿತು. ಅವನು ತನಗಾಗಿಯೇ ನಿಂತಿತೆಂದು ತಿಳಿದು ಇನ್ನೂ ಎತ್ತರಿಸಿದ. ಜನ ಅವನನ್ನು ನೋಡುತ್ತಿರಲಿಲ್ಲ. ಮೂಲೆಯಲ್ಲಿ ಕುಳಿತ ಆ ಹೆಂಗಸಿನ ಕೈಯನ್ನು ನೋಡುತ್ತಿದ್ದರು. ನಮ್ಮ ಮುಂದಿನ ಸಾಲಿನಲ್ಲಿ ಇಬ್ಬರು ಏನೋ ಗುಸುಗುಸು ಎಂದರು. ಅತ್ತರಿನ ಮುದುಕ ಕೋಲಿನಿಂದ ಬೆಂಚು ತಟ್ಟಿದ.

"ಸುಮ್ಮಿರ್ರಿ," ಎಂದ, "ಅವ್ವ ಕೇಳಾಕತ್ತಾಳ."

ಆ ಮಾತು ಎಲ್ಲರಿಗೂ ಕೇಳಿಸಿತು. ಮಾಲಕನಿಗೂ ಕೇಳಿಸಿತು. ಅವನು ಮೊದಲ ಸಲ ತಗಡಿನಿಂದ ಕಣ್ಣು ಕೆಳಗಿಳಿಸಿ, ತಿರುಗಿ, ತಾಯಿಯನ್ನು ನೋಡಿದ. ನೋಡಿದವನಿಗೆ ಮುಂದಿನ ಮಾತು ಮರೆತುಹೋಯಿತು. ಸ್ಟೇಜಿನ ಮೇಲೆ ಮಾತು ನಿಂತಿತು. ಸೀಟಿ ಯಾರೂ ಹೊಡೆಯಲಿಲ್ಲ. ಕಾಕಾ ಮೊರವನ್ನು ಬದಿಗಿಟ್ಟು, ಎದ್ದು, ಮಗನಿಗೆ ಒಂದು ತಂಬಿಗೆ ನೀರು ಕೊಟ್ಟರು. ಅದು ಯಾವ ತುದಿಮಾತಿಗೂ ಇರಲಿಲ್ಲ. ನನ್ನ ಬಾಜೂದ ಮುದುಕ ಕಣ್ಣು ಒರೆಸಿಕೊಂಡ. ನಾಯಕ ಕೊನೆಯಲ್ಲಿ ಹಾಡಿ ಸತ್ತಾಗ ಅವನನ್ನು ಎಬ್ಬಿಸಬೇಕೆಂದು ಯಾರಿಗೂ ಅನಿಸಲಿಲ್ಲ.

ಆ ರಾತ್ರಿ ನನಗೆ ಚಿಂತೆ ಇಲ್ಲದೆ ನಿದ್ದೆ ಬಂತು. ಇನ್ನು ಕಾಕಾನ ಎಲೆಗೆ ಮೋಸವಿಲ್ಲ. ಇಂಥ ಪಾರ್ಟನ್ನು ಯಾರು ಬಿಟ್ಟಾರು?

ಮಾಲಕನೂ ಹಾಗೇ ಎಣಿಸಿದ್ದ. ಮುಂಜಾನೆ ಚಹಾದ ಹೊತ್ತಿಗೆ ನನ್ನನ್ನೂ ನಟಿಯನ್ನೂ ಟ್ರಂಕಿನ ಹತ್ತಿರ ಕರೆಸಿದ. ಕಾಕಾ ಸ್ವಲ್ಪ ದೂರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಪಾರ್ಟ ಚಲೋ ಐತಿ ಮಾಸ್ತರ," ಎಂದ. "ಅಷ್ಟ ಚಲೋ ಪಾರ್ಟ ಮುದುಕಗ ಯಾಕ? ಈ ನಮ್ಮ ನಟಿ ಬಾಯಾರು ಮಾಡ್ತಾರ. ಎರಡು ದಿನದಾಗ ಮಾತು ಬರದ ಕೊಡ್ರಿ. ಸುಮ್ಮ ಕುಂತಾಗ ಇಷ್ಟ ಮಂದಿ ಅತ್ರು, ಮಾತಾಡಿದ್ರ ಎಷ್ಟ ಅತ್ತಾರು. ಒಂದು ಹಾಡೂ ಇರ್ಲಿ."

ನಟಿ ತಲೆಯಾಡಿಸಲಿಲ್ಲ. "ಕಾಕಾನ ಪಾರ್ಟ ನನಗ ಬ್ಯಾಡ್ರಿ," ಎಂದಳು. ಆಕೆ ಹಾಗೆಂದಳು, ನಾನು ಅನ್ನಲಿಲ್ಲ. ಮಾಲಕ ನನ್ನ ಕಡೆ ನೋಡಿದ. ನಾನು ಶಾಯಿ ಇದೆಯೋ ಇಲ್ಲವೋ ಎಂದು ದೌತಿ ಅಲ್ಲಾಡಿಸಿ ನೋಡಿದೆ.

ಬರೆದೆ. ಹೊಡೆದುಹಾಕಿದ್ದ ಹದಿನಾಲ್ಕನ್ನೂ ತಿರುಗಿ ತಂದೆ, ಅವಕ್ಕೆ ಏಳು ಸೇರಿಸಿದೆ, ಪೇಟಿ ಮಾಸ್ತರರ ನಾಲ್ಕನೆಯ ಧಾಟಿಗೆ ಒಂದು ಹಾಡು ಕಟ್ಟಿದೆ. ಬೇಕೆಂದೇ ಕೆಟ್ಟದಾಗಿ ಬರೆದೆ ಎಂದು ಹೇಳಿಕೊಳ್ಳುವ ಸಮಾಧಾನವೂ ನನಗಿಲ್ಲ. ನನ್ನ ಮಟ್ಟಕ್ಕೆ ಅವು ಒಳ್ಳೆಯ ಮಾತುಗಳೇ ಆಗಿದ್ದವು. ಮುಂದೆ ಮೂಡಲಗಿಗೆ ಬಂದ ಒಬ್ಬರು ಹೇಳಿದರು, ಕೊನೆಗೆ ನಟಿಯೇ ತಾಯಿಯಾಗಬೇಕಾಯಿತು, ಆ ಹೊಸ ತಾಯಿ ಮಾತಾಡಲು ಶುರು ಮಾಡಿದರೆ ಜನ ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆಂದು. ಅಲ್ಲಿದ್ದರೆ ನಾನೂ ಹೋಗುತ್ತಿದ್ದೆ.

ಕಂಪನಿ ಬಿಡುವವನು ತನ್ನ ನಕಲುಗಳನ್ನೆಲ್ಲ ಮಾಲಕನಿಗೆ ಒಪ್ಪಿಸಿ ಹೋಗಬೇಕು. ಒಂದು ಸಾಲು ಹೊರಗೆ ಹೋಗಬಾರದು. ಕಾಕಾ ಹಾಸಿಗೆ ಸುತ್ತಿಟ್ಟು, ಮೂವತ್ತು ವರ್ಷದ ನಕಲುಗಳ ಗಂಟನ್ನು ಟ್ರಂಕಿನ ಮುಂದೆ ಬಿಚ್ಚಿದರು. ಮಾಲಕ ಒಂದೊಂದನ್ನೇ ಹಾಳೆ ತಿರುವಿ ನೋಡಿ ಒಳಗಿಟ್ಟ. ಕೊನೆಯದು ರಾಜಮಾತೆ. ಅದನ್ನು ಹಿಂದೆ ಮುಂದೆ ತಿರುವಿದ, ಬೆಳಕಿಗೆ ಹಿಡಿದು ನೋಡಿದ.

"ಇದರಾಗ ಒಂದೂ ಮಾತಿಲ್ಲ. ಇಟ್ಕೊ," ಎಂದು ಮರಳಿ ಕೊಟ್ಟ.

ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡರು. ನಾನು ಅವರ ಹಾಸಿಗೆ ಹೊತ್ತುಕೊಂಡು ಸಂಕೇಶ್ವರದ ರಸ್ತೆಯವರೆಗೆ ಹೋದೆ. ಅವರಿಗೆ ಮಾಡಿದ್ದಕ್ಕೆ ನಾನು ಕಟ್ಟಿದ ದಂಡ ಅಷ್ಟೇ, ಅರ್ಧ ಮೈಲಿ. ದಡ್ಡಿಗೆ ಹೋಗುವವರು ಈ ದಾರಿಯಲ್ಲೇಕೆ ಎಂದು ಕೇಳಿದೆ. ಸಂಕೇಶ್ವರದಲ್ಲಿ ಗುರುತಿನವರಿದ್ದಾರೆ, ಕೆಲವು ದಿನ ನಿಂತು ಹೋಗುತ್ತೇನೆ ಎಂದರು. ಬಿಸಿಲಿಗೆ ಅವರ ಮುಖ ಹೊಳೆಯುತ್ತಿತ್ತು. ನೋಡಿದರೆ ಮೇಲಿನ ತುಟಿಯ ಮೇಲೆ ಬೆಳ್ಳಗೆ, ಜೋಳದ ಹೊಟ್ಟು ಅಂಟಿದ ಹಾಗೆ, ಎರಡು ದಿನದ ಕೂದಲು.

"ಖರೆ ಹೇಳ್ರಿ ಮಾಸ್ತರ. ಆ ಹಾಳಿಯೊಳಗ ಮಾತು ಬರೆಯೂದು ಮರತಿದ್ರಿ ಹೌದಲ್ಲೋ?"

ಹಾಳೆಯನ್ನು ಹರಿಯುವುದನ್ನು ಮರೆತಿದ್ದೆ ಎನ್ನುವುದು ಇನ್ನೂ ಹೆಚ್ಚು ಖರೆ. "ಹೌದ್ರಿ ಕಾಕಾ," ಎಂದಷ್ಟೇ ಅಂದೆ.

"ಗೊತ್ತಿತ್ತು," ಎಂದು ನಕ್ಕರು. "ಮರತದ್ದ ಚಲೋ ಆತು. ಹದಿನೈದ ದಿನ ಹೆಚ್ಚಿಗಿ ಉಂಡ್ನಿ."

ಹಾಸಿಗೆಯನ್ನು ನನ್ನ ಹೆಗಲಿನಿಂದ ತಮ್ಮ ಹೆಗಲಿಗೆ ತೆಗೆದುಕೊಂಡರು. ತುಟಿಯ ಮೇಲೆ ಬೆರಳಾಡಿಸಿಕೊಂಡು, ಸಂಕೇಶ್ವರದಲ್ಲಿ ಎಂಟು ದಿನ ನಿಂತರೆ ಸಾಕಾದೀತೇ, ಅಷ್ಟರಲ್ಲಿ ದಡ್ಡಿಯವರು ಗುರುತು ಹಿಡಿಯುವಷ್ಟು ಮೀಸೆ ಬಂದೀತೇ ಎಂದು ನನ್ನನ್ನು ಕೇಳಿದರು. ಬರುತ್ತದೆ ಎಂದು ಹೇಳಿದೆ. ಅವರು ರಸ್ತೆಯ ಬದಿ ಹಿಡಿದು ನಡೆದರು. ಒಂದು ಬಂಡಿ ಎದುರು ಬಂದಾಗ ಪಕ್ಕಕ್ಕೆ ಸರಿದು, ಎಡಗೈಯಿಂದ ಇಲ್ಲದ ನೆರಿಗೆಯನ್ನು ಎತ್ತಿ ಹಿಡಿದರು. ಆಮೇಲೆ ಏನೋ ನೆನಪಾದವರಂತೆ ಕೈ ಬಿಟ್ಟರು.